ಕೃತಕ ಪುಷ್ಪಗಳೂ ಹೆಣ್ಣುಮಕ್ಕಳ ಕೈಗೆಲಸವೂ

ಹೂವುಗಳಿಗೆ ಬಡತನವಿಲ್ಲದ ನಾಡು ನಮ್ಮದು. ಮೈಸೂರು, ಹಡಗಲಿ, ಉಡುಪಿ ಸೀಮೆಗಳ ಮಲ್ಲಿಗೆಯನ್ನು ಹೊಗಳದವರಾರು? ಹಿತ್ತಲಿನ ದಾಸವಾಳಕ್ಕೂ, ಬೇಲಿಯ ಶಂಖಪುಷ್ಪಕ್ಕೂ, ದಾರಿಯ ಬದಿಯ ಕಣಗಿಲೆಗೂ ಹಣವನ್ನು ತೆರಬೇಕಾಗಿಯೂ ಇಲ್ಲ. ಇಂಥ ನಾಡಿನಲ್ಲಿ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು, ಕಾಗದವನ್ನೂ ಬಟ್ಟೆಯನ್ನೂ ಕತ್ತರಿಸಿ, ಬಣ್ಣದಲ್ಲದ್ದಿ, ಅಚ್ಚನ್ನೊತ್ತಿ, ತಂತಿಗೆ ಕಟ್ಟಿ ಕೃತಕ ಪುಷ್ಪಗಳನ್ನು ಮಾಡಿಸುವುದೇತಕ್ಕೆ? ಕೈಗೆಲಸದ ಪಾಠವನ್ನು ಕುರಿತು ಹೆತ್ತವರು ನಮ್ಮನ್ನು ಕೇಳುವ ಮೊದಲನೆಯ ಪ್ರಶ್ನೆಯಿದು. ಆ ವೇಳೆಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಕೊಟ್ಟರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನಾಲ್ಕು ಅಂಕಗಳು ಹೆಚ್ಚಾಗವೇ ಎಂಬುದು ಎರಡನೆಯ ಪ್ರಶ್ನೆ. ಪೇಟೆಯಲ್ಲಿ ಚೊಕ್ಕವಾದ ಪ್ಲಾಸ್ಟಿಕ್ ಹೂವುಗಳು ಅಗ್ಗವಾಗಿ ದೊರೆಯುತ್ತಿರುವಾಗ ಮಕ್ಕಳು ಮಾಡಿದ ಸೊಟ್ಟ ಹೂವು ಯಾರಿಗೆ ಬೇಕು ಎಂಬುದು ಮೂರನೆಯದು.

ಈ ಪ್ರಶ್ನೆಗಳನ್ನು ಹಗುರವಾಗಿ ಎಣಿಸತಕ್ಕದ್ದಲ್ಲ. ಮಕ್ಕಳ ವಿದ್ಯೆಗೋಸ್ಕರ ಹೊಟ್ಟೆ ಬಟ್ಟೆ ಕಟ್ಟಿ ಹಣವನ್ನೊದಗಿಸುವ ತಾಯಿತಂದೆಗಳಿಗೆ ಹೀಗೆ ಕೇಳುವ ಹಕ್ಕುಂಟು. ಉತ್ತರ ಕೊಡುವ ಬಾಧ್ಯತೆ ನಮಗುಂಟು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ಕೃತಕ ಪುಷ್ಪದ ಬೆಲೆಯನ್ನು ಅದರ ಚೆಲುವಿನಿಂದ ಮಾತ್ರ ಕಟ್ಟಲಾಗದು. ಅದು ತನ್ನನ್ನು ಮಾಡಿದ ಕೈಗೆ ಏನನ್ನು ಕೊಟ್ಟಿತು, ಆ ಕೈಯಿಂದ ಏನನ್ನು ಕಿತ್ತುಕೊಂಡಿತು ಎಂಬುದನ್ನು ಕೇಳಿಯೇ ಕಟ್ಟಬೇಕು. ಈ ಅಳತೆಯಿಂದ ನೋಡಿದರೆ ನಮ್ಮ ಶಾಲೆಗಳಲ್ಲಿ ಈ ಕೆಲಸವು ಉಳಿಯತಕ್ಕದ್ದು. ಆದರೆ ಈಗ ಅನೇಕ ಕಡೆಗಳಲ್ಲಿ ನಡೆಯುವ ರೀತಿಯಲ್ಲಿ ಅದು ನಡೆಯತಕ್ಕದ್ದಲ್ಲ.

ದೇವರು ಸೃಷ್ಟಿಸಿದ ಹೂವಿರುವಾಗ ಮನುಷ್ಯರು ಮಾಡಿದ ಹೂವು ಅಹಂಕಾರದ ಗುರುತಲ್ಲವೇ ಎಂದು ಶಂಕಿಸುವ ಭಕ್ತರೂ ನಮ್ಮಲ್ಲಿದ್ದಾರೆ. ಅವರು ವಿಮೋಚನಕಾಂಡವನ್ನು ತೆರೆದು ನೋಡುವುದೊಳ್ಳೆಯದು. ದೇವದರ್ಶನದ ಗುಡಾರದ ದೀಪಸ್ತಂಭಕ್ಕೆ ಬಾದಾಮಿಯ ಹೂವಿನ ಆಕಾರದ ಬಟ್ಟಲುಗಳಿದ್ದವು. ಮಹಾಯಾಜಕನ ನಿಲುವಂಗಿಯ ಅಂಚಿನಲ್ಲಿ ನೀಲಿ, ಧೂಮ್ರ, ಕಡುಗೆಂಪು ವರ್ಣಗಳ ದಾರದಿಂದ ಮಾಡಿದ ದಾಳಿಂಬಗಳು ತೂಗುತ್ತಿದ್ದವು. ಚಿನ್ನದಲ್ಲಿ ಹೂವನ್ನೂ ಬಣ್ಣದ ದಾರದಲ್ಲಿ ಹಣ್ಣನ್ನೂ ಮಾಡುವ ಇಂಥ ಜಾಣ್ಮೆಯನ್ನು ಬೆಚಲೇಲನಿಗೆ ಕೊಟ್ಟದ್ದು ದೇವರಾತ್ಮವೇ ಎಂದು ಅಲ್ಲಿ ಹೇಳಿದೆ. ಹೊಸ ಒಡಂಬಡಿಕೆಯಲ್ಲಿ ನಮ್ಮ ಕರ್ತನು ಹೊಲದ ಹೂವುಗಳ ಕಡೆಗೆ ಕೈತೋರಿಸಿ, ಸೊಲೊಮೋನನ ವೈಭವವೂ ಅವಕ್ಕೆ ಸಾಟಿಯಲ್ಲವೆಂದು ಬೋಧಿಸಿದನು. ಈ ಎರಡು ಮಾತುಗಳಲ್ಲಿ ವಿರೋಧವಿಲ್ಲ. ಮೊದಲು ಹೊಲದ ಹೂವನ್ನು ದೃಷ್ಟಿಸಿ ನೋಡು, ಆಮೇಲೆ ಕೈಯಾಡಿಸು ಎಂಬ ಕ್ರಮವನ್ನು ನಾವು ಇವೆರಡರಿಂದ ಕಲಿಯುತ್ತೇವೆ. ಥುವತೈರದ ಲುದ್ಯಳು ಧೂಮ್ರವರ್ಣದ ವಸ್ತ್ರಗಳನ್ನು ಮಾರಿ ಬಾಳಿದವಳು. ದೊರ್ಕಳು ಸೂಜಿ ಹಿಡಿದು ವಿಧವೆಯರಿಗೆ ಉಡುಪು ಹೊಲಿದವಳು. ಬಣ್ಣವೂ ಕೈಗೆಲಸವೂ ಆದಿಸಭೆಯ ಸ್ತ್ರೀಯರಿಗೆ ಅನ್ಯವಾಗಿರಲಿಲ್ಲ.

ಇನ್ನು ಈ ಕಸಬಿನ ಚರಿತ್ರೆಯನ್ನು ಸ್ವಲ್ಪ ನೋಡುವ. ಐರೋಪ್ಯ ದೇಶಗಳಲ್ಲಿ, ಮುಖ್ಯವಾಗಿ ಫ್ರಾನ್ಸಿನಲ್ಲಿ, ಕೃತಕ ಪುಷ್ಪಗಳ ತಯಾರಿಕೆಯು ದೊಡ್ಡ ಉದ್ಯೋಗವಾಗಿತ್ತು. ೧೮ನೆಯ ಶತಮಾನದಲ್ಲಿ ದಿದೆರೋ ಎಂಬ ವಿದ್ವಾಂಸನು ಹೊರಡಿಸಿದ ವಿಶ್ವಕೋಶದ ಚಿತ್ರಪಟಗಳಲ್ಲಿ ಹೂಗಾರರ ಕಾರ್ಖಾನೆಯೂ ಅವರ ಉಪಕರಣಗಳೂ ಚಿತ್ರಿಸಲ್ಪಟ್ಟಿವೆ. ಗಂಜಿಯಿಂದಲೋ ಸರೇಸಿನಿಂದಲೋ ಬಿರುಸುಗೊಳಿಸಿದ ಬಟ್ಟೆಯನ್ನು ಹಲವು ಮಡಿಕೆಯಾಗಿ ಮಡಿಸಿ, ಎಸಳಿನ ಆಕಾರದ ಅಂಚುಳ್ಳ ಕಬ್ಬಿಣದ ಅಚ್ಚನ್ನು ಅದರ ಮೇಲಿಟ್ಟು ಕೊಡತಿಯಿಂದ ಹೊಡೆದರೆ ಒಂದೇ ಏಟಿಗೆ ಹಲವು ಎಸಳುಗಳು ಕತ್ತರಿಸಿ ಬೀಳುವುವು. ಅವುಗಳನ್ನು ಬಣ್ಣದಲ್ಲದ್ದಿ, ಒಣಗಿಸಿ, ಗಂಡು ಹೆಣ್ಣು ಎಂಬ ಎರಡು ಭಾಗಗಳುಳ್ಳ ಅಚ್ಚಿನ ನಡುವೆ ಒತ್ತಿ ನರಗಳನ್ನು ಮೂಡಿಸುವರು. ಬಳಿಕ ತುದಿಯಲ್ಲಿ ಗುಂಡುಳ್ಳ ಕಾದ ಕಬ್ಬಿಣದಿಂದ ಒತ್ತಿ ಎಸಳಿಗೆ ಬಟ್ಟಲಿನ ರೂಪವನ್ನು ಕೊಡುವರು. ಕಡೆಗೆ ಕೇಸರಗಳ ಸುತ್ತಲೂ ಅಂಟಿಸಿ, ತಂತಿಯ ತೊಟ್ಟಿಗೆ ಹಸಿರು ಕಾಗದವನ್ನು ಸುತ್ತುವರು. ನಮ್ಮ ಶಾಲೆಗಳಲ್ಲಿ ಮಕ್ಕಳು ಮಾಡುವ ಕೆಲಸವು ಇದೇ ವಿದ್ಯೆಯ ಸಣ್ಣ ರೂಪವು.

ಈ ಸೊಗಸಾದ ವಿದ್ಯೆಯ ಹಿಂದೆ ದುಃಖದ ಕಥೆಯೂ ಉಂಟು. ಎಲೆಗಳಿಗೆ ಹೊಳೆಯುವ ಹಸಿರನ್ನು ಕೊಡುವುದು ಕಷ್ಟ. ೧೭೭೫ನೆಯ ಇಸವಿಯಲ್ಲಿ ಷೀಲೆ ಎಂಬ ಸ್ವೀಡನ್ ದೇಶದ ರಸಾಯನಜ್ಞನು ತಾಮ್ರವನ್ನೂ ಪಾಷಾಣವನ್ನೂ ಕೂಡಿಸಿ ಹೊಸ ಹಸಿರೊಂದನ್ನು ಮಾಡಿದನು. ೧೮೧೪ರಲ್ಲಿ ಅದೇ ಜಾತಿಯ, ಇನ್ನೂ ಕಾಂತಿಯುಳ್ಳ ಪಚ್ಚೆಯ ಬಣ್ಣವು ಹೊರಟಿತು. ಅದು ಗೋಡೆಯ ಕಾಗದಕ್ಕೂ, ಉಡುಪುಗಳಿಗೂ, ಶ್ರೀಮಂತ ಸ್ತ್ರೀಯರು ಮುಡಿಯುವ ಕೃತಕ ಹೂವೆಲೆಗಳಿಗೂ ಬಳಸಲ್ಪಟ್ಟಿತು. ಲಂಡನಿನಲ್ಲಿ ಮಟಿಲ್ಡಾ ಶ್ಯೂರರ್ ಎಂಬ ೧೯ ವರ್ಷದ ಹುಡುಗಿಯು ಇಂಥ ಎಲೆಗಳ ಮೇಲೆ ಹಸಿರು ಪುಡಿಯನ್ನು ಉದುರಿಸುವ ಕೆಲಸದಲ್ಲಿದ್ದಳು. ಪುಡಿಯು ಉಸಿರಿನೊಡನೆ ಒಳಕ್ಕೆ ಹೋಯಿತು. ಕೈಗೆ ಅಂಟಿದ್ದು ಊಟದೊಡನೆ ಹೊಟ್ಟೆಗಿಳಿಯಿತು. ೧೮೬೧ನೆಯ ಇಸವಿ ನವೆಂಬರ್ ೨೦ರಂದು ಆಕೆಯು ಬಹಳ ಸಂಕಟಪಟ್ಟು ತೀರಿಹೋದಳು. ಸಾಯುವ ಮುಂಚೆ ಆಕೆಯ ವಾಂತಿಯು ಹಸಿರಾಗಿತ್ತು. ಕಣ್ಣಿನ ಬಿಳುಪೂ ಹಸಿರಾಗಿತ್ತು. ಆಗ ಸ್ತ್ರೀಯರ ಆರೋಗ್ಯ ಸಂಘವೊಂದು ಹಾಫ್‌ಮನ್ ಎಂಬ ಪ್ರಸಿದ್ಧ ರಸಾಯನಜ್ಞನಿಂದ ಇಂಥ ಎಲೆಗಳನ್ನು ಪರೀಕ್ಷೆ ಮಾಡಿಸಿತು. ಒಬ್ಬಾಕೆಯು ತಲೆಗೆ ಮುಡಿಯುವ ಒಂದು ಅಲಂಕಾರದಲ್ಲಿಯೇ ಇಪ್ಪತ್ತು ಜನರಿಗೆ ವಿಷವಾಗುವಷ್ಟು ಪಾಷಾಣವುಂಟೆಂದು ಆತನು ೧೮೬೨ನೆಯ ಇಸವಿ ಫೆಬ್ರವರಿಯಲ್ಲಿ ‘ಟೈಮ್ಸ್’ ಪತ್ರಿಕೆಯ ಮೂಲಕ ಲೋಕಕ್ಕೆ ತಿಳಿಸಿದನು. ನೃತ್ಯಶಾಲೆಯಲ್ಲಿ ಆ ಎಲೆಗಳನ್ನು ಕಂಡು ಮೆಚ್ಚಿದವರಿಗೆ ಅದನ್ನು ಮಾಡಿದ ಹುಡುಗಿಯ ಉಗುರುಗಳು ಕಾಣಲಿಲ್ಲ.

ಬಣ್ಣದಲ್ಲಿ ವಿಷವಿಲ್ಲದಿದ್ದರೂ ಕೂಲಿಯಲ್ಲಿ ವಿಷವಿರಬಹುದು. ನ್ಯೂಯಾರ್ಕ್ ಪಟ್ಟಣದಲ್ಲಿ ೨೦ನೆಯ ಶತಮಾನದ ಆರಂಭಕಾಲದಲ್ಲಿ ಬಡ ವಲಸೆಗಾರರ ಕುಟುಂಬಗಳು ಇಕ್ಕಟ್ಟಾದ ಅಡಿಗೆಮನೆಗಳಲ್ಲಿ ಕುಳಿತು ಕೃತಕ ಹೂವುಗಳನ್ನು ಕಟ್ಟುತ್ತಿದ್ದವು. ತಾಯಿಯೊಡನೆ ಎಳೆಯ ಮಕ್ಕಳೂ ರಾತ್ರಿಯ ತನಕ ಎಸಳುಗಳನ್ನು ಬಿಡಿಸಿ ಕೊಡಬೇಕಾಗಿತ್ತು. ಲೂಯಿಸ್ ಹೈನ್ ಎಂಬಾತನು ತೆಗೆದ ಛಾಯಾಚಿತ್ರಗಳಲ್ಲಿ ಆ ಮಕ್ಕಳ ಮುಖಗಳನ್ನು ಈಗಲೂ ನೋಡಬಹುದು. ಮೇರಿ ವಾನ್ ಕ್ಲೀಕ್ ಎಂಬ ಮಹಿಳೆಯು ಇವರ ಕೂಲಿಯನ್ನೂ ಕೆಲಸದ ಹೊತ್ತನ್ನೂ ವಿಚಾರಿಸಿ ೧೯೧೩ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದಳು. ಒಬ್ಬಳು ಕತ್ತರಿಸುವುದು, ಒಬ್ಬಳು ಬಣ್ಣ ಹಚ್ಚುವುದು, ಇನ್ನೊಬ್ಬಳು ಅಂಟಿಸುವುದು ಎಂದು ಕೆಲಸವು ಹಂಚಿಹೋದಾಗ, ಒಬ್ಬಳಾದರೂ ಹೂವನ್ನು ನೋಡಿ ಸಂತೋಷಪಡುವುದುಂಟೇ?

ಹಾಗಾದರೆ ಈ ಕಸಬೇ ಕೆಟ್ಟದ್ದೆನ್ನಬಹುದೋ? ಎನ್ನಲಾಗದು. ಅದೇ ಲಂಡನಿನಲ್ಲಿ, ಬೀದಿಬೀದಿ ಅಲೆದು ಹೂವನ್ನೂ ಸೊಪ್ಪನ್ನೂ ಮಾರುತ್ತಿದ್ದ ಬಡ ಹುಡುಗಿಯರ ಅವಸ್ಥೆಯನ್ನು ಕಂಡು ಮರುಗಿದ ಜಾನ್ ಗ್ರೂಮ್ ಎಂಬ ಭಕ್ತನು ೧೮೬೬ನೆಯ ಇಸವಿಯಲ್ಲಿ ಅವರಿಗಾಗಿ ಒಂದು ಕ್ರೈಸ್ತ ಮಿಷನ್ನನ್ನು ಸ್ಥಾಪಿಸಿದನು. ಅವರಲ್ಲಿ ಕಾಲಿಲ್ಲದವರೂ, ಕುರುಡರೂ, ಅಂಗಹೀನರೂ ಇದ್ದರು. ಅಂಥವರಿಗೆ ಕೃತಕ ಪುಷ್ಪಗಳನ್ನು ಮಾಡುವ ವಿದ್ಯೆಯನ್ನು ಕಲಿಸಿ, ಭಿಕ್ಷೆಯ ಅಗತ್ಯವಿಲ್ಲದಂತೆ ಮಾಡಿದನು. ೧೯೧೨ರ ಜೂನಿನಲ್ಲಿ ರಾಣಿ ಅಲೆಕ್ಸಾಂಡ್ರಳ ಹೆಸರಿನಲ್ಲಿ ಆಸ್ಪತ್ರೆಗಳ ಸಹಾಯಾರ್ಥವಾಗಿ ನಡೆದ ಮೊದಲನೆಯ ಗುಲಾಬಿ ದಿನದಂದು ಮಾರಾಟವಾದ ಬಟ್ಟೆಯ ಗುಲಾಬಿಗಳು ಈ ಹುಡುಗಿಯರ ಕೈಯಿಂದ ಬಂದವುಗಳೇ. ತಾವೇ ಸಹಾಯ ಬೇಡಬೇಕಾಗಿದ್ದವರು ರೋಗಿಗಳಿಗೆ ಸಹಾಯ ಮಾಡುವವರಾದರು. ಹೀಗೆಯೇ, ಮೊದಲನೆಯ ಮಹಾಯುದ್ಧದಲ್ಲಿ ಮಡಿದವರ ನೆನಪಿಗಾಗಿ ೧೯೨೧ರಲ್ಲಿ ಬ್ರಿಟನ್ನಿನಲ್ಲಿ ಕೆಂಪು ಗಸಗಸೆ ಹೂವಿನ ಪದ್ಧತಿಯು ಆರಂಭವಾಯಿತು. ಮರುವರ್ಷ ಮೇಜರ್ ಜಾರ್ಜ್ ಹೌಸನ್ ಎಂಬಾತನು ಯುದ್ಧದಲ್ಲಿ ಅಂಗಹೀನರಾದ ಐದು ಮಂದಿ ಸೈನಿಕರನ್ನು ಕೂಡಿಸಿಕೊಂಡು ಅಂಥ ಹೂವುಗಳ ಕಾರ್ಖಾನೆಯನ್ನು ತೆರೆದನು. ಅಂಗವೈಕಲ್ಯವುಳ್ಳವರೂ ಸುಲಭವಾಗಿ ಜೋಡಿಸುವಂತೆ ಆ ಹೂವು ರಚಿಸಲ್ಪಟ್ಟಿತು. ಬಹುಕಾಲ ಅದರಲ್ಲಿ ಪ್ಲಾಸ್ಟಿಕ್ ಸೇರಿಕೊಂಡಿದ್ದಿತು. ೨೦೨೩ರಲ್ಲಿ ಪುನಃ ಬರಿಯ ಕಾಗದದ ಹೂವು ಬಂದಿತು.

ವಾಚಕರು ಇದನ್ನು ಗಮನಿಸಬೇಕು. ಪಾಷಾಣದ ಎಲೆಗೂ ಗ್ರೂಮನ ಗುಲಾಬಿಗೂ ಬಟ್ಟೆಯೊಂದೇ, ತಂತಿಯೊಂದೇ, ಕೈಚಳಕವೊಂದೇ. ಒಂದು ತನ್ನನ್ನು ಮಾಡಿದವಳನ್ನು ಕೊಂದಿತು. ಮತ್ತೊಂದು ತನ್ನನ್ನು ಮಾಡಿದವಳನ್ನು ಎತ್ತಿ ನಿಲ್ಲಿಸಿತು. ವ್ಯತ್ಯಾಸವು ಹೂವಿನಲ್ಲಿಲ್ಲದಿದ್ದ ಮೇಲೆ, ಮಾಡಿಸುವವರ ಮನಸ್ಸಿನಲ್ಲಿಯೇ ಇರಬೇಕಷ್ಟೆ. ಶಾಲೆಯಲ್ಲಿ ಮಾಡಿಸುವವರು ನಾವಾದುದರಿಂದ ಈ ವಿಚಾರವು ನಮ್ಮನ್ನೇ ಮುಟ್ಟುತ್ತದೆ.

ಕೈಗೆಲಸದ ಹೂವು ನಮ್ಮ ದೇಶಕ್ಕೆ ಹೊಸದೆಂದು ಭಾವಿಸಬೇಡಿರಿ. ನಮ್ಮ ನೆರೆಯ ಹಿಂದೂ ಸಹೋದರರ ಮದುವೆಗಳಲ್ಲಿ ವಧೂವರರ ಹಣೆಗೆ ಕಟ್ಟುವ ಬಾಸಿಂಗವನ್ನು ನೋಡಿರಿ. ನೀರಿನಲ್ಲಿ ಬೆಳೆಯುವ ಗಿಡದ ಬಿಳಿಯ ಬೆಂಡನ್ನು ಕಾಗದದಷ್ಟು ತೆಳ್ಳಗೆ ಸೀಳಿ, ಬಣ್ಣ ಕೊಟ್ಟು, ಹೂವಾಗಿ ಮಡಿಸುವ ವಿದ್ಯೆಯು ಪೂರ್ವಕಾಲದಿಂದ ನಡೆದು ಬಂದಿದೆ. ಈಚೆಗೆ ಆ ಬೆಂಡಿನ ಜಾಗಕ್ಕೆ ಥರ್ಮೋಕೋಲು ಬಂದು ಕುಳಿತಿತು. ಜನರು ಅದನ್ನೂ ಬೆಂಡೆಂದೇ ಕರೆದರು. ಬೆಂಡು ಮಣ್ಣಿಗೆ ಬಿದ್ದರೆ ಮಣ್ಣಾಗುವುದು, ಥರ್ಮೋಕೋಲು ಹಾಗಾಗದು. ೨೦೨೨ನೆಯ ಇಸವಿ ಜುಲೈ ೧ರಿಂದ ಭಾರತ ಸರಕಾರವು ನಿಷೇಧಿಸಿದ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲೂ ಸೇರಿದೆ. ಕೈಗೆಲಸದಿಂದ ಮನುಷ್ಯರನ್ನು ನಿಲ್ಲಿಸುವ ಪ್ರಯತ್ನಕ್ಕೂ ನಮ್ಮ ನಾಡಿನಲ್ಲಿಯೇ ಮಾದರಿಯುಂಟು. ೧೯ನೆಯ ಶತಮಾನದ ನಡುವಿನಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ನೆಯ್ಗೆಯ ಮನೆಯನ್ನು ತೆರೆದು, ಹೊಸದಾಗಿ ಸಭೆಗೆ ಸೇರಿ ಹಳೆಯ ಜೀವನೋಪಾಯವನ್ನು ಕಳೆದುಕೊಂಡಿದ್ದ ಕುಟುಂಬಗಳಿಗೆ ನೂಲನ್ನೂ ಬಣ್ಣವನ್ನೂ ಕುರಿತ ವಿದ್ಯೆಯನ್ನು ಕಲಿಸಿದರು. ಕಾಕಿ ಬಣ್ಣದ ಮಾತು ಬಂದಾಗ ಆ ನೆಯ್ಗೆಮನೆಯ ಹೆಸರನ್ನು ಇಂದಿಗೂ ಹೇಳುವರು.

ಇಂಥ ಪರಂಪರೆಯುಳ್ಳ ನಾವು ಈಗ ಮಾಡುತ್ತಿರುವುದೇನು? ಅನೇಕ ಶಾಲೆಗಳಲ್ಲಿ ಕೈಗೆಲಸದ ಪ್ರದರ್ಶನವು ಹತ್ತಿರ ಬಂದಾಗ ಅಂಗಡಿಯಿಂದ ಒಂದು ಪೆಟ್ಟಿಗೆಯನ್ನು ತರುವರು. ಎಸಳುಗಳು ಯಂತ್ರದಿಂದ ಕತ್ತರಿಸಲ್ಪಟ್ಟಿವೆ, ಬಣ್ಣವೂ ಕೊಡಲ್ಪಟ್ಟಿದೆ, ನರಗಳೂ ಅಚ್ಚಾಗಿವೆ. ಹುಡುಗಿಯು ಅಂಟಿಸಿದರೆ ಸಾಕು. ಎಷ್ಟೋ ಸಾರಿ ಅಂಟಿಸುವುದೂ ತಾಯಿಯ ಪಾಲಿಗೋ ಅಕ್ಕನ ಪಾಲಿಗೋ ಬರುತ್ತದೆ. ಹುಡುಗಿಯು ತನ್ನ ಹೆಸರಿನ ಚೀಟಿಯನ್ನು ಮಾತ್ರ ಕಟ್ಟುತ್ತಾಳೆ. ಬಹುಮಾನವು ಆ ಹೂವಿಗೇ ಬರುತ್ತದೆ. ತಾನೇ ಕತ್ತರಿಸಿ ತಾನೇ ಬಣ್ಣ ಹಾಕಿದ ಬಡ ಹುಡುಗಿಯ ಹೂವು ಮೇಜಿನ ಮೂಲೆಯಲ್ಲಿರುತ್ತದೆ. ಮಕ್ಕಳಿಗೆ ಇದರಿಂದ ಬರುವ ಪಾಠವಾವುದು? ಕೊಂಡದ್ದು ಮಾಡಿದ್ದಕ್ಕಿಂತ ಮೇಲೆಂದೂ, ಚೆನ್ನಾಗಿ ತೋರಿದರೆ ಸತ್ಯವು ಬೇಕಿಲ್ಲವೆಂದೂ ಅವರು ಕಲಿಯುವುದಿಲ್ಲವೇ? ಸತ್ಯವೇದವನ್ನು ಬೆಳಗ್ಗೆ ಓದಿಸಿ ಮಧ್ಯಾಹ್ನ ಇದನ್ನು ಕಲಿಸುವುದು ನಮಗೆ ತಕ್ಕುದಲ್ಲ.

ಆದುದರಿಂದ ಈ ಕೆಲಸವು ಹೇಗೆ ನಡೆಯಬೇಕೆಂದು ನಾವು ಬಯಸುತ್ತೇವೆಂಬುದನ್ನು ಸ್ವಲ್ಪ ವಿವರವಾಗಿ ಬರೆಯುವೆವು. ಮೊದಲನೆಯ ಕೆಲಸವು ನೋಡುವುದು. ಕತ್ತರಿಗಿಂತ ಮುಂಚೆ ಹುಡುಗಿಯ ಕೈಗೆ ನಿಜವಾದ ಹೂವನ್ನು ಕೊಡತಕ್ಕದ್ದು. ದಾಸವಾಳವನ್ನು ಬಿಡಿಸಿ ನೋಡಲಿ. ಎಸಳುಗಳು ಐದು, ಒಂದರ ಅಂಚು ಮತ್ತೊಂದರ ಮೇಲೆ ಕುಳಿತಿದೆ, ನರಗಳು ಬುಡದಿಂದ ಬೀಸಣಿಗೆಯಂತೆ ಹರಡಿವೆ. ನಂದಿಬಟ್ಟಲಿನ ಐದು ಎಸಳುಗಳಾದರೋ ಗಾಲಿಯ ಹಾಗೆ ಒಂದೇ ದಿಕ್ಕಿಗೆ ತಿರುಚಿಕೊಂಡಿವೆ. ಗೌರಿಹೂವಿನ ಆರು ಎಸಳುಗಳು ಹಿಂದಕ್ಕೆ ಬಾಗಿ, ಅಂಚು ಅಲೆಯಲೆಯಾಗಿ, ಬುಡದಲ್ಲಿ ಹಳದಿಯೂ ತುದಿಯಲ್ಲಿ ಕೆಂಪೂ ಆಗಿದ್ದು, ಕಡೆಗೆ ಪೂರಾ ಕೆಂಪಾಗುತ್ತವೆ. ರಂಗೂನು ಬಳ್ಳಿಯ ಹೂವು ಅರಳುವಾಗ ಬಿಳಿ, ಬಳಿಕ ನಸುಗೆಂಪು, ಆಮೇಲೆ ಕೆಂಪು. ಆದುದರಿಂದ ಒಂದೇ ಗೊಂಚಲಿನಲ್ಲಿ ಮೂರು ಬಣ್ಣಗಳು ಕಾಣುತ್ತವೆ. ಇದನ್ನೆಲ್ಲಾ ದಿನವೂ ಕಂಡವರು ಬಹು ಮಂದಿ, ನೋಡಿದವರು ಕೆಲವರೇ.

ನೋಡುವುದಕ್ಕೆ ವಯಸ್ಸಿನ ಮಿತಿಯಿಲ್ಲವೆಂಬುದಕ್ಕೆ ಇಂಗ್ಲೆಂಡಿನ ಮೇರಿ ಡಿಲೇನಿ ಎಂಬ ವೃದ್ಧೆಯು ಸಾಕ್ಷಿ. ೧೭೭೨ರಲ್ಲಿ, ತನ್ನ ೭೨ನೆಯ ವಯಸ್ಸಿನಲ್ಲಿ, ಆಕೆಯು ಬಣ್ಣದ ಕಾಗದವನ್ನು ಸಣ್ಣಸಣ್ಣ ಚೂರುಗಳಾಗಿ ಕತ್ತರಿಸಿ, ಕಪ್ಪು ಕಾಗದದ ಮೇಲೆ ಅಂಟಿಸಿ ಹೂವುಗಳನ್ನು ಮಾಡಲಾರಂಭಿಸಿದಳು. ಮುಂದೆ ಹೂವನ್ನಿಟ್ಟುಕೊಂಡು, ಕೇಸರಗಳನ್ನೂ ಎಸಳುಗಳನ್ನೂ ಎಣಿಸಿ, ಸಸ್ಯಶಾಸ್ತ್ರಜ್ಞರೂ ತಲೆದೂಗುವಂತೆ ಮಾಡಿದಳು. ಕಣ್ಣು ಮಂದವಾಗುವ ತನಕ, ಸುಮಾರು ಹತ್ತು ವರ್ಷಗಳಲ್ಲಿ, ಸಾವಿರಕ್ಕೆ ಸ್ವಲ್ಪವೇ ಕಡಿಮೆಯಾಗಿ ಇಂಥ ಚಿತ್ರಗಳನ್ನು ಮಾಡಿದಳು. ಅವು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ.

ಎರಡನೆಯದು ಬಣ್ಣ. ಎಸಳನ್ನು ಬಣ್ಣದಲ್ಲಿ ಮುಳುಗಿಸಿ ತೆಗೆದರೆ ಅದು ಚಿಂದಿಯಂತೆ ಏಕವಾಗಿ ಕಾಣುವುದು. ಮೊದಲು ಎಸಳನ್ನು ತಿಳಿನೀರಿನಲ್ಲಿ ನೆನಸಿ, ಹಳೆಯ ಪತ್ರಿಕೆಯ ಮೇಲೆ ಹೆಚ್ಚಿನ ನೀರನ್ನು ತೆಗೆದು, ಅಂಚನ್ನು ಮಾತ್ರ ಬಣ್ಣಕ್ಕೆ ಮುಟ್ಟಿಸಬೇಕು. ಬಣ್ಣವು ತಾನಾಗಿಯೇ ಒಳಕ್ಕೆ ಹರಿದು, ಹೋಗುತ್ತಾ ಹೋಗುತ್ತಾ ತಿಳಿಯಾಗುವುದು. ಗೌರಿಹೂವಿಗಾದರೆ ಇಡೀ ಎಸಳಿಗೆ ಹಳದಿಯನ್ನು ಕೊಟ್ಟು, ಅದು ಇನ್ನೂ ತೇವವಾಗಿರುವಾಗಲೇ ತುದಿಗೆ ಕೆಂಪನ್ನು ಮುಟ್ಟಿಸಿದರೆ ನಡುವೆ ಕಿತ್ತಳೆಯು ತಾನೇ ಹುಟ್ಟುವುದು. ಎಸಳು ಒಣಗಿದ್ದರೆ ಬಣ್ಣವು ಗೆರೆಯಾಗಿ ನಿಲ್ಲುವುದು. ನೀರು ಹೆಚ್ಚಾದರೆ ಎಲ್ಲವೂ ಕದಡಿಹೋಗುವುದು. ಹದವನ್ನು ಪುಸ್ತಕದಿಂದ ಕಲಿಯಲಾಗದು. ಹತ್ತು ಎಸಳುಗಳನ್ನು ಕೆಡಿಸಿಯೇ ಕಲಿಯಬೇಕು. ಆರಿದ ಮೇಲೆ ಅಂಚಿನಲ್ಲಿ ಬಣ್ಣವು ಗಾಢವಾಗಿ ನಿಲ್ಲುವುದುಂಟು. ಅಂಚಿನಲ್ಲಿ ನೀರು ಬೇಗನೆ ಆರುವುದರಿಂದ ಒಳಗಿನ ನೀರು ಬಣ್ಣವನ್ನು ಹೊತ್ತುಕೊಂಡು ಅಲ್ಲಿಗೆ ಹರಿಯುವುದೇ ಇದಕ್ಕೆ ಕಾರಣ. ಕೈಗೆಲಸದ ಹೊತ್ತು ವಿಜ್ಞಾನದಿಂದ ಕದ್ದದ್ದೆಂದು ದೂರುವವರು ಇದನ್ನು ನೆನಪಿನಲ್ಲಿಡಲಿ.

ಬಣ್ಣಗಳನ್ನು ಮಕ್ಕಳೇ ಕುದಿಸಿ ತೆಗೆಯುವುದು ಮತ್ತೂ ಒಳ್ಳೆಯದು. ದಾಳಿಂಬೆಯ ಸಿಪ್ಪೆಯನ್ನು ಕುದಿಸಿ, ಪಟಿಕವನ್ನು ಕೂಡಿಸಿದರೆ ಬಟ್ಟೆಗೆ ಹಳದಿಯು ಹಿಡಿಯುವುದು. ಅದಕ್ಕೇ ತುಕ್ಕುಹಿಡಿದ ಮೊಳೆಗಳನ್ನು ನೆನಸಿದ ನೀರನ್ನು ಹಾಕಿದರೆ ಬಣ್ಣವು ಕಪ್ಪಿಗೆ ತಿರುಗುವುದು. ಮಂಜಿಷ್ಠದ ಬೇರಿನಿಂದ ಕೆಂಪು, ಈರುಳ್ಳಿಯ ಸಿಪ್ಪೆಯಿಂದ ಹಳದಿಗೂಡಿದ ಕಂದು, ಚಹದಿಂದ ಒಣಗಿದೆಲೆಯ ಬಣ್ಣ. ಅರಿಸಿನವು ನೋಡುವುದಕ್ಕೆ ಬಹು ಚೆಂದ, ಆದರೆ ಬಿಸಿಲಿಗೆ ನಿಲ್ಲದು. ಸುಣ್ಣದ ನೀರೋ ಸಾಬೂನಿನ ನೀರೋ ತಾಕಿದರೆ ಕೆಂಪಾಗುವುದು. ಪಟಿಕವನ್ನು ಹಾಕಿದ ಪಾತ್ರೆಯನ್ನು ಅಡಿಗೆಗೆ ಬಳಸಕೂಡದು. ಪೇಟೆಯ ಪುಡಿಬಣ್ಣಗಳನ್ನು ತರುವುದಾದರೆ, ಪೊಟ್ಟಣದ ಮೇಲೆ ಅದರಲ್ಲಿ ಏನಿದೆಯೆಂದು ಬರೆದಿರದ ಬಣ್ಣವನ್ನು ಶಾಲೆಯ ಬಾಗಿಲೊಳಗೆ ಬಿಡತಕ್ಕದ್ದಲ್ಲ. ಪುಡಿಯನ್ನು ಗಾಳಿಗೆ ತೂರಿಸದೆ ನೀರಿಗೆ ಹಾಕಿ ಕಲಸಬೇಕು. ಕೈತೊಳೆಯದೆ ಬುತ್ತಿಯನ್ನು ಬಿಚ್ಚಕೂಡದು. ಮೇಲೆ ಹೇಳಿದ ೧೯ ವರ್ಷದ ಹುಡುಗಿಯ ಮರಣವು ಈ ಎರಡು ನಿಯಮಗಳನ್ನು ನಮಗೆ ಕಲಿಸಿದೆ. ಅವಳ ಕಥೆಯನ್ನೂ ಮಕ್ಕಳಿಗೆ ಹೇಳಬೇಕೆಂಬುದು ನಮ್ಮ ಮತ.

ಮೂರನೆಯದು ಅಚ್ಚು. ಬಣ್ಣವು ಚೆನ್ನಾಗಿ ಆರಿದ ಮೇಲೆಯೇ ಅಚ್ಚನ್ನೊತ್ತಬೇಕು. ತೇವದ ಮೇಲೆ ಒತ್ತಿದ ನರಗಳು ಹರಡಿಹೋಗುವುವು. ಎಸಳನ್ನು ಬಗ್ಗಿಸಿದ ಮೇಲೆ ಒತ್ತಲಿಕ್ಕೇ ಆಗದು. ಆದಕಾರಣ ಬಣ್ಣ, ಆರಿಕೆ, ಅಚ್ಚು, ಪುನಃ ಆರಿಕೆ, ಆಮೇಲೆ ಬಾಗು, ಕಡೆಗೆ ಜೋಡಣೆ ಎಂಬ ಕ್ರಮವನ್ನು ತಪ್ಪಿಸಲಾಗದು. ಅವಸರದ ಹುಡುಗಿಗೆ ಈ ಕ್ರಮವೇ ಗುರು. ಅಚ್ಚನ್ನು ಕೊಳ್ಳಬೇಕಾಗಿಲ್ಲ. ಆಲೂಗೆಡ್ಡೆಯನ್ನು ಎರಡಾಗಿ ಸೀಳಿ, ಮೈಯನ್ನು ಒರಸಿ ಒಣಗಿಸಿ, ನರಗಳು ಮಾತ್ರ ಎತ್ತರವಾಗಿ ಉಳಿಯುವಂತೆ ಮಿಕ್ಕದ್ದನ್ನು ಸಣ್ಣ ಚೂರಿಯಿಂದ ಕೆತ್ತಬೇಕು. ಹಸಿರೆಲೆಯೊಂದರ ಬೆನ್ನಿನಲ್ಲಿ ನರಗಳು ಉಬ್ಬಿರುತ್ತವೆ. ಅದಕ್ಕೇ ಬಣ್ಣ ಹಚ್ಚಿ ಒತ್ತಿದರೆ ದೇವರು ಕೆತ್ತಿದ ಅಚ್ಚೇ ಸಿಕ್ಕಿದಂತಾಯಿತು. ಬೆಂಡೆಕಾಯಿಯನ್ನು ಅಡ್ಡಲಾಗಿ ಕೊಯ್ದು ಒತ್ತಿದರೆ ಸಾಮಾನ್ಯವಾಗಿ ಐದು ಮೂಲೆಯ ಹೂವು ಮೂಡುವುದು. ದಾಸವಾಳದಲ್ಲಿ ಐದು ಎಸಳು, ಬೆಂಡೆಯಲ್ಲಿ ಐದು ಮನೆ, ಹೀಗೇತಕ್ಕೆ ಎಂದು ಹುಡುಗಿಯು ಕೇಳಿದರೆ, ಎರಡೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವೆಂದು ಹೇಳುವ ಸಮಯವು ಬಂತೆಂದು ಉಪಾಧ್ಯಾಯಿನಿಯು ಸಂತೋಷಪಡಲಿ.

ಅಚ್ಚೊತ್ತುವುದರಲ್ಲಿ ಒಂದು ಸೂಕ್ಷ್ಮವುಂಟು. ತಟ್ಟೆಯಲ್ಲಿ ಬಟ್ಟೆಯನ್ನು ಮಡಿಸಿಟ್ಟು, ಗಟ್ಟಿಯಾದ ಬಣ್ಣದಿಂದ ಅದನ್ನು ನೆನಸಿ, ಅಚ್ಚನ್ನು ಅದರ ಮೇಲೆ ಮೆಲ್ಲನೆ ಒತ್ತಿ ತೆಗೆಯಬೇಕು. ಒಂದು ಸಾರಿ ಬಣ್ಣ ತೆಗೆದುಕೊಂಡ ಅಚ್ಚಿನಿಂದ ಮೂರು ಎಸಳುಗಳನ್ನು ಒತ್ತಿದರೆ ಮೊದಲನೆಯದು ಗಾಢವಾಗಿಯೂ, ಎರಡನೆಯದು ತಿಳಿಯಾಗಿಯೂ, ಮೂರನೆಯದು ಕಂಡೂ ಕಾಣದಂತೆಯೂ ಬರುವುದು. ಅನುಭವವಿಲ್ಲದವರು ಮೂರನೆಯದನ್ನು ಬಿಸಾಡುವರು. ನಿಜವಾದ ಹೂವಿನಲ್ಲಿಯೂ ಎಲ್ಲಾ ಎಸಳುಗಳ ನರಗಳು ಸಮವಾಗಿ ಕಾಣುವುದಿಲ್ಲವಾದ್ದರಿಂದ, ಈ ಮೂರನ್ನೂ ಒಂದೇ ಹೂವಿನಲ್ಲಿ ಸೇರಿಸಿದರೆ ಅದಕ್ಕೆ ಜೀವಕಳೆಯು ಬರುವುದು. ಯಂತ್ರದ ಹೂವಿನಲ್ಲಿ ಐದು ಎಸಳುಗಳೂ ಒಂದೇ ಸಮ. ಅದನ್ನು ಎರಡನೆಯ ಸಾರಿ ನೋಡಬೇಕೆನ್ನಿಸುವುದಿಲ್ಲ. ಕೊನೆಗೆ, ಎಸಳನ್ನು ಮಡಿಸಿದ ಬಟ್ಟೆಯ ಮೇಲಿಟ್ಟು ಚಮಚದ ಬೆನ್ನಿನಿಂದ ಒತ್ತಿದರೆ ಬಟ್ಟಲಿನ ರೂಪ ಬರುವುದು. ಅಂಚನ್ನು ಪೆನ್ಸಿಲಿಗೆ ಸುತ್ತಿ ಬಿಟ್ಟರೆ ಸುರುಳಿಯಾಗುವುದು. ಕಾದ ಕಬ್ಬಿಣವು ಶಾಲೆಗೆ ಬೇಡ.

ಇಷ್ಟು ವಿವರವನ್ನು ಓದಿದ ಮೇಲೆ, ಪರೀಕ್ಷೆಯ ಅಂಕಗಳ ಪ್ರಶ್ನೆಗೆ ಉತ್ತರವು ಅರ್ಧ ದೊರೆತಿರಬೇಕು. ಎಣಿಸುವುದು, ಅಳೆಯುವುದು, ಕ್ರಮವನ್ನು ಕಾಯುವುದು, ಕಾರಣವನ್ನು ವಿಚಾರಿಸುವುದು, ಇವು ಗಣಿತ ವಿಜ್ಞಾನಗಳ ತಾಯಿಬೇರುಗಳಲ್ಲವೇ? ೧೯೩೭ರಲ್ಲಿ ವರ್ಧಾದಲ್ಲಿ ಗಾಂಧೀಜಿಯವರು ಕೈಕಸಬಿನ ಮೂಲಕವೇ ವಿದ್ಯಾಭ್ಯಾಸವು ನಡೆಯಲೆಂದು ಹೇಳಿದ್ದರ ತಾತ್ಪರ್ಯವೂ ಇದೇ. ಉಳಿದರ್ಧ ಉತ್ತರವೇನೆಂದರೆ, ಪಾಠಗಳಲ್ಲಿ ಹಿಂದುಳಿದು, ತರಗತಿಯ ಕೊನೆಯ ಬೆಂಚಿನಲ್ಲಿ ತಲೆತಗ್ಗಿಸಿ ಕೂರುವ ಹುಡುಗಿಯೊಬ್ಬಳು ಪ್ರತಿಯೊಂದು ಶಾಲೆಯಲ್ಲಿಯೂ ಇದ್ದಾಳೆ. ಆಕೆಯ ಹೂವು ಎಲ್ಲರ ಹೂವಿಗಿಂತ ಚೆನ್ನಾಗಿ ಬಂದ ದಿನ ಆಕೆಯು ತಲೆಯೆತ್ತುತ್ತಾಳೆ. ಹಾಗೆ ತಲೆಯೆತ್ತಿದವಳು ಮರುದಿನ ಗಣಿತದ ಪಾಠದಲ್ಲಿಯೂ ಕೈಯೆತ್ತಲು ಅಂಜುವುದಿಲ್ಲ. ವಾರದಲ್ಲಿ ಒಂದು ಗಂಟೆಯನ್ನು ಇದಕ್ಕಾಗಿ ವೆಚ್ಚಮಾಡುವುದು ನಷ್ಟವೋ ಲಾಭವೋ ಎಂಬುದನ್ನು ಹೆತ್ತವರೇ ತೀರ್ಮಾನಿಸಲಿ.

ತಾಜಾ ಹೂವಿನ ಪ್ರಶ್ನೆಗೂ ಒಂದು ಮಾತು. ಸುಗ್ಗಿಯ ಹಬ್ಬದಲ್ಲಿ ದೇವಾಲಯಕ್ಕೆ ತರತಕ್ಕದ್ದು ಹೊಲದ ಹೂವೇ. ಹೆಣ್ಣುಮಕ್ಕಳ ಮುಡಿಗೆ ಒಪ್ಪತಕ್ಕದ್ದು ಮಲ್ಲಿಗೆಯೇ. ಕಾಗದದ ಹೂವು ಅವುಗ��ೊಡನೆ ಸ್ಪರ್ಧಿಸುವುದಕ್ಕೆ ಹೋಗಕೂಡದು. ಅದು ತಾನು ಕಾಗದವೆಂಬುದನ್ನು ಮರೆಸದೆ, ಶಾಲೆಯ ವೇದಿಕೆಗೂ, ಕ್ರಿಸ್ಮಸ್ ಮರಕ್ಕೂ, ಆಸ್ಪತ್ರೆಯ ರೋಗಿಯ ಹಾಸಿಗೆಯ ಬದಿಗೂ ಅಲಂಕಾರವಾಗಿರಲಿ. ಪೇಟೆಯ ಪ್ಲಾಸ್ಟಿಕ್ ಹೂವಾದರೋ ನಿಜವಾದ ಹೂವೆಂದು ನಟಿಸುವುದು. ಬಾಡುವುದಿಲ್ಲ, ಆದರೆ ಧೂಳು ಹಿಡಿದು, ಬಣ್ಣಗೆಟ್ಟು, ಕಸದ ರಾಶಿಯಲ್ಲಿ ನಮ್ಮ ಮೊಮ್ಮಕ್ಕಳ ಕಾಲದ ತನಕ ಬಿದ್ದಿರುವುದು. ಅದರ ಅಗ್ಗವು ಅಗ್ಗವಲ್ಲ.

ಕೊನೆಯದಾಗಿ ನಮ್ಮ ಹೈಸ್ಕೂಲುಗಳನ್ನು ನಡೆಸುವವರಲ್ಲಿ ಮೂರು ಬಿನ್ನಹಗಳನ್ನು ಮಾಡುವೆವು. ಪ್ರದರ್ಶನದಲ್ಲಿ ಪೆಟ್ಟಿಗೆಯಿಂದ ಜೋಡಿಸಿದ ಹೂವುಗಳಿಗೆ ಸ್ಥಾನವಿಲ್ಲವೆಂದು ಸ್ಪಷ್ಟವಾಗಿ ಸಾರಬೇಕು. ಪ್ರತಿಯೊಂದು ಹೂವಿನ ಬದಿಯಲ್ಲಿ ಅದನ್ನು ಮಾಡಿದ ಹುಡುಗಿಯು ಕೆತ್ತಿದ ಅಚ್ಚನ್ನೂ, ತೆಗೆದ ಬಣ್ಣದ ಮಾದರಿಯನ್ನೂ, ಕೆಟ್ಟುಹೋದ ಎಸಳುಗಳನ್ನೂ ಇಡಬೇಕು; ಬಹುಮಾನವನ್ನು ಕೊಡುವವರು ಅವನ್ನೂ ನೋಡಿಯೇ ಕೊಡಬೇಕು. ಮೂರನೆಯದಾಗಿ, ಮಾರಾಟದಿಂದ ಬಂದ ಹಣದಲ್ಲಿ ಒಂದು ಪಾಲು ಬಡ ವಿದ್ಯಾರ್ಥಿನಿಯರ ಕಾಗದ, ಬಟ್ಟೆ, ಬಣ್ಣಗಳ ವೆಚ್ಚಕ್ಕೆ ಹೋಗಬೇಕು. ಹಣವಿಲ್ಲವೆಂಬ ಕಾರಣದಿಂದ ಯಾವ ಹುಡುಗಿಯ ಕೈಯೂ ಬರಿದಾಗಿರಬಾರದು.

ಪ್ರಿಯ ವಿದ್ಯಾರ್ಥಿನಿಯರೇ, ನೀವು ಈ ಶಾಲೆಯನ್ನು ಬಿಟ್ಟುಹೋದ ಮೇಲೆ ನಿಮ್ಮಲ್ಲಿ ಹೆಚ್ಚು ಮಂದಿ ಕಾಗದದ ಹೂವನ್ನು ಮಾಡಲಿಕ್ಕಿಲ್ಲ. ಆದರೆ ಅಂಗಡಿಯಲ್ಲಿ ಸೊಗಸಾದ ವಸ್ತುವೊಂದನ್ನು ಕೈಗೆತ್ತಿಕೊಂಡಾಗ, ಇದನ್ನು ಮಾಡಿದವಳಾರು, ಆಕೆಗೆ ಸಿಕ್ಕಿದ್ದೇನು ಎಂದು ಒಂದು ಕ್ಷಣ ಯೋಚಿಸುವಿರಾದರೆ, ಕೈಗೆಲಸದ ಪಾಠವು ಸಾರ್ಥಕವಾಯಿತೆಂದು ನಾವು ತಿಳಿಯುವೆವು. ಬೆಚಲೇಲನ ಕೈಗೆ ಜಾಣ್ಮೆಯನ್ನಿತ್ತ ದೇವರು ನಿಮ್ಮ ಕೈಗಳನ್ನೂ ಆಶೀರ್ವದಿಸಲಿ.